ಪರದೆ ಇಳಿಬಿಟ್ಟ ಕಿಟಕಿ

ಬೀದಿಯವರು ಅವನನ್ನು ಹಲ್ಲಪ್ಪ ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹೆಂಡತಿಗೆ ಸಿಟ್ಟು ಬಂದಾಗ ಮಾತ್ರ ಹೊರಬರುತ್ತಿತ್ತು. ಅವನ ಕಸುಬು ಕಟ್ಟುಹಲ್ಲು ಮಾಡುವುದು. ಡಾಕ್ಟರಲ್ಲ, ಡಾಕ್ಟರರು ಅಳತೆ ತೆಗೆದು ಕಳಿಸಿದ ಬಾಯಿಗಳಿಗೆ ಹಲ್ಲು ಕೂರಿಸಿ ಕೊಡುವವನು. ಬಾಯಿಗಳು ಅವನ ಬಳಿಗೆ ಪ್ಲಾಸ್ಟರಿನ ಅಚ್ಚುಗಳಾಗಿ, ರಟ್ಟಿನ ಡಬ್ಬಗಳಲ್ಲಿ ಬರುತ್ತಿದ್ದವು. ಊರಿನ ಎಷ್ಟೋ ಜನ ಅವನು ಕೊಟ್ಟ ಹಲ್ಲಿನಲ್ಲೇ ನಗುತ್ತಿದ್ದರು. ಎದುರಿಗೆ ಸಿಕ್ಕರೆ ಮಾತ್ರ ಅವನಿಗೆ ಗುರುತು ಹತ್ತುತ್ತಿರಲಿಲ್ಲ. ಅವರು ಬಾಯಿ ತೆರೆದಾಗಲೇ, ಓಹೋ, ಇವರಾ, ಎಂದುಕೊಳ್ಳುತ್ತಿದ್ದ.

ಮನೆಯ ಹಿಂದಿನ ಕೋಣೆಯೇ ಅವನ ಕಾರ್ಖಾನೆ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಸ್ಪಿರಿಟ್ ದೀಪ, ಮೇಣ ಕೆತ್ತುವ ಚಾಕುಗಳು, ಬೆರಳಗಾತ್ರದ ಡ್ರಿಲ್ಲು. ರೇಡಿಯೋದ ಮೇಲೂ ಗಡಿಯಾರದ ಮೇಲೂ ಬಿಳಿ ಧೂಳು. ಸಂಜೆಯಾಗುತ್ತಲೇ ಹಲ್ಲುಗಳನ್ನೆಲ್ಲ ಒಂದು ಮೂಲೆಗೆ ಸರಿಸಿ ಅವನು ಅದೇ ಮೇಜನ್ನು ರೈಲಿನ ಶೆಡ್ಡಾಗಿ ಮಾಡಿಕೊಳ್ಳುತ್ತಿದ್ದ.

ರೈಲು ಬಂದದ್ದು ಸೂಟ್‌ಕೇಸಿನಷ್ಟು ದೊಡ್ಡ ಪೆಟ್ಟಿಗೆಯಲ್ಲಿ, ಬಿಡಿಭಾಗಗಳ ಕಿಟ್ ಆಗಿ. ಚಾವಿ ಕೊಟ್ಟರೆ ಮೇಜಿನ ಮೇಲೆ ಗಿರಕಿ ಹೊಡೆಯುವ ಆಟಿಕೆಯಲ್ಲ ಅದು. ಕಟ್ಟಿ ಮುಗಿಸಿದರೆ ಉಗಿಬಂಡಿಯ ಎಂಜಿನ್ನು ಮೊಣಕೈಯಿಂದ ಬೆರಳ ತುದಿಯವರೆಗೆ, ಹಿಂದಿನ ಬೋಗಿ ಇಡೀ ತೋಳಿನಷ್ಟು ಉದ್ದ. ಒಳಗೆ ಕೂರುವ ಪ್ರಯಾಣಿಕರು ಹೆಬ್ಬೆರಳಿನಷ್ಟು ಎತ್ತರ. ತೆಳು ಹಿತ್ತಾಳೆಯ ಹಾಳೆಗಳಿಂದ ಒಂದೊಂದು ಭಾಗವನ್ನೂ ಕತ್ತರಿಸಿ, ಅಂಚು ಉಜ್ಜಿ, ಮಡಚಿ, ಬೆಸುಗೆ ಹಾಕಬೇಕು. ಬಾಗಿಲಿನ ಹಿಡಿಗೆ ತಂತಿ ಬಗ್ಗಿಸಬೇಕು. ಹೊಗೆಕೊಳವೆಗೆ ಮಸಿ, ಚಕ್ರಗಳಿಗೆ ತುಕ್ಕು, ಮೆಟ್ಟಿಲಿಗೆ ಪಾದ ಸವೆಸಿದ ಹೊಳಪು, ಎಲ್ಲ ಕೈಯಿಂದಲೇ ಬರಬೇಕು. ಮೇಣದಲ್ಲಿ ಕೋರೆಹಲ್ಲಿನ ಓರೆ ಕೆತ್ತುವವನಿಗೆ ಈ ಕೆಲಸ ಹೇಳಿ ಮಾಡಿಸಿದಂತಿತ್ತು.

ಆದರೆ ಆ ಕೆಲಸಕ್ಕೆ ಎರಡು ಕೈ ಸಾಲುತ್ತಿರಲಿಲ್ಲ. ಉಳಿದೆರಡು ಅಕ್ಕನವು.

ಅಕ್ಕ ಅವನಿಗಿಂತ ತುಂಬಾ ದೊಡ್ಡವಳು. ಮದುವೆಯಾಗಿರಲಿಲ್ಲ, ಅವನ ಮನೆಯಲ್ಲೇ ಇದ್ದಳು. ಪೇಟೆಬೀದಿಯ ಆಲ್ಟರೇಷನ್ ಅಂಗಡಿಯಲ್ಲಿ ಉದ್ದದ ಪ್ಯಾಂಟು ಗಿಡ್ಡ ಮಾಡಿ, ಹೋದ ಜಿಪ್ಪು ಬದಲಿಸಿ ಮನೆಗೆ ಬಂದವಳು ಟೀ ಕುಡಿದು ನೇರವಾಗಿ ಹಿಂದಿನ ಕೋಣೆಗೆ ನಡೆದು ಅವನ ಎಡಕ್ಕೆ ಸ್ಟೂಲು ಹಾಕಿಕೊಳ್ಳುತ್ತಿದ್ದಳು. ಅವರಿಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ. "ಹಿಡ್ಕೋ." "ಹೂಂ." "ಬಿಡು." ಅವನು ಬೆಸೆಯುವಾಗ ಬಿಸಿ ಹರಡದಂತೆ ಒದ್ದೆಬಟ್ಟೆಯಲ್ಲಿ ಹಾಳೆ ಹಿಡಿಯುವವಳು ಅವಳು. ಬೆಳಕು ಬೇಕಾದ ಕಡೆಗೆ ದೀಪ ಬಾಗಿಸುವವಳೂ ಅವಳೇ.

ಬೋಗಿಯ ಮೈಮೇಲಿನ ರಿವೆಟ್ಟುಗಳ, ಅಂದರೆ ಮೊಳೆತಲೆಯಂಥ ಚುಕ್ಕಿಗಳ, ಸಾಲೂ ಅವಳದೇ. ಸೂಜಿಯಿಂದ ಹಿತ್ತಾಳೆಯ ಹಿಂಬದಿ ಒಂದೊಂದೇ ಚುಕ್ಕಿ ಒತ್ತುತ್ತಾ ಅವನು ಹೈರಾಣಾಗಿದ್ದ. ಒತ್ತಿದ್ದೆಲ್ಲ ಸೊಟ್ಟ. ಮರುದಿನ ಅಕ್ಕ ಅಂಗಡಿಯಿಂದ ಬಟ್ಟೆಗೆ ಗುರುತು ಹಾಕುವ ಮುಳ್ಳುಚಕ್ರ ತಂದಳು. ಅಡಿಪಟ್ಟಿಯ ಅಂಚಿಗೆ ಅದನ್ನು ಒತ್ತಿ ಉರುಳಿಸಿದರೆ, ಎದುರುಬದಿಯಲ್ಲಿ ಒಂದೇ ಸಮನೆ ರಿವೆಟ್ಟುಗಳು ಎದ್ದುಬಂದವು. "ನೋಡಿದ್ಯಾ ಹಲ್ಲಪ್ಪ, ನಮ್ಮ ಹತ್ರಾನೂ ಹಲ್ಲಿದೆ!" ಎಂದು ಅವಳು ಚಕ್ರವನ್ನು ಅವನ ಮೂಗಿನ ಮುಂದೆ ಆಡಿಸಿದಳು. ಬೋಗಿಯ ಕಿಟಕಿಗಳ ಪರದೆಗಳನ್ನು ಹೊಲಿದವಳೂ ಅವಳೇ, ಹಳೆಯ ಕರವಸ್ತ್ರವೊಂದನ್ನು ಕತ್ತರಿಸಿ. ಉಗುರಿನಷ್ಟು ಬಟ್ಟೆಗೂ ಅಂಚು ಮಡಚಿ ಹೊಲಿಗೆ ಹಾಕಿದ್ದಳು.

ಅವಳ ಬಗ್ಗೆ ಇನ್ನೊಂದು ಸಂಗತಿ ಇಲ್ಲಿ ಹೇಳಬೇಕು. ಅವನು ಕಸುಬು ಕಲಿಯುತ್ತಿದ್ದ ಕಾಲದಲ್ಲಿ ಅಕ್ಕ ಮೆಟ್ಟಿಲ ಮೇಲಿಂದ ಬಿದ್ದು ಮುಂದಿನ ಹಲ್ಲು ಕಳೆದುಕೊಂಡಳು. ಅವನು ತನ್ನ ಕೈಯಾರೆ ಮಾಡಿದ ಮೊದಲ ಸೆಟ್ಟು ಅವಳಿಗೇ. "ಹೇಗಿದೆ ಅಕ್ಕ?" ಎಂದು ಕೇಳಿದಾಗಲೆಲ್ಲ "ಚೆನ್ನಾಗಿದೆ ಕಣೋ, ನನ್ನದೇ ಹಲ್ಲಿನ ಹಾಗಿದೆ" ಎನ್ನುತ್ತಿದ್ದಳು. ವರ್ಷದ ಮೇಲೆ, ಬೇರೆ ಸೆಟ್ಟು ಮಾಡಲೆಂದು ಅಳತೆ ತೆಗೆಯುವಾಗ, ಅವನ ಗುರು ಅವಳ ಬಾಯೊಳಗೆ ನೋಡಿ ಹೌಹಾರಿದ. ಸೆಟ್ಟಿನ ಅಂಚು ಒಸಡನ್ನು ಕೊರೆದು ಗಾಯ ಮಾಡಿತ್ತು. ವರ್ಷವಿಡೀ ಅವಳು ಒಂದು ಸಲವೂ ಚುಚ್ಚುತ್ತದೆ ಎಂದಿರಲಿಲ್ಲ.

ಎಂಜಿನ್ನು ಮುಗಿದು, ಬೋಗಿ ಮುಗಿಯುತ್ತಾ ಬಂದಾಗ ಅವನಿಗೊಂದು ಆಸೆ ಹುಟ್ಟಿತು. ಕಿಟ್ಟಿನ ಜೊತೆ ಬಂದ ಪ್ರಯಾಣಿಕರು ಯಾರೋ ಪರಕೀಯರು, ಎಲ್ಲರಿಗೂ ಒಂದೇ ಮುಖ. ಅವರನ್ನು ಬದಿಗಿಟ್ಟು, ಅಕ್ಕ ಅಂಗಡಿಯಲ್ಲಿರುವ ಹೊತ್ತಿನಲ್ಲಿ ತನ್ನವರನ್ನೇ ಮೇಣದಲ್ಲಿ ಕೆತ್ತಿ, ಕಟ್ಟುಹಲ್ಲಿನ ಒಸಡಿಗೆ ಬಳಸುವ ಅಕ್ರಿಲಿಕ್ಕಿನಲ್ಲಿ ಎರಕ ಹೊಯ್ದ. ತೀರಿಕೊಂಡ ಅಪ್ಪ ಪೇಪರು ಬಿಡಿಸಿ ಕೂತ. ಔಷಧದ ಅಂಗಡಿಯ ಕೌಂಟರಿನಲ್ಲಿ ನಿಂತು ನಿಂತು ಕಾಲು ನೋಯಿಸಿಕೊಳ್ಳುವ ಹೆಂಡತಿ ಎದುರು ಸೀಟಿನ ಮೇಲೆ ಕಾಲು ಚಾಚಿದಳು. ಮಗಳು ಗಾಜಿಗೆ ಮೂಗು ಒತ್ತಿದಳು. ಕೆಲಸ ಕೊಡುವ ಡಾಕ್ಟರು, ಬೀದಿಯ ಕ್ಷೌರಿಕ, ಪಕ್ಕದ ಮನೆಯಾಕೆ, ಆಕೆಯ ಬುಟ್ಟಿಯಲ್ಲಿ ಬೆಕ್ಕು. ಎಲ್ಲರೂ ಹತ್ತಿದರು. ಕೊನೆಯ ಕಿಟಕಿಯ ಬಳಿ ಬೋಗಿಯ ದೀಪಗಳ ಬ್ಯಾಟರಿ ಡಬ್ಬವನ್ನು ಅಂಟಿಸಿದ. ಥಟ್ಟನೆ ಹಿಡಿಯುವ ಅಂಟಿನ ಆವಿಗೆ ಆ ಕಿಟಕಿಯ ಗಾಜು ಹಾಲಿನ ಹಾಗೆ ಮಂಜಾಯಿತು. ಛೆ, ಎಂದುಕೊಂಡು ಅದರ ಪರದೆಯನ್ನು ಪೂರ್ತಿ ಇಳಿಬಿಟ್ಟು ಕಲೆ ಮುಚ್ಚಿದ. ಆಮೇಲೆ ಬೋಗಿಯ ಚಾವಣಿಯನ್ನು ಮತ್ತೆಂದೂ ಬಿಚ್ಚದ ಹಾಗೆ ಅಂಟಿಸಿ ಬಣ್ಣ ಹೊಡೆದ.

ಬಣ್ಣ ಒಣಗಿದ ಸಂಜೆ ಮನೆಯವರನ್ನೆಲ್ಲ ಕರೆದು ದೀಪ ಹೊತ್ತಿಸಿದ. ಅಕ್ಕ ಕನ್ನಡಕ ಏರಿಸಿಕೊಂಡು ಒಂದೊಂದೇ ಕಿಟಕಿಗೆ ಬಾಗಿದಳು.

"ಅಯ್ಯೋ, ಅಪ್ಪ! ಪೇಪರ್ ಹಿಡಿದಿರೋದು ನೋಡು, ಯಾರಿಗೂ ಒಂದು ಹಾಳೇನೂ ಕೊಡಲ್ಲ ಅನ್ನೋ ಹಾಗೆ. ಇವಳು ನೋಡು, ನಿನ್ನ ಹೆಂಡ್ತಿ, ಕೊನೆಗೂ ಕಾಲು ಚಾಚಿದ್ಲು. ಲೋ, ಪಕ್ಕದ ಮನೆ ಬೆಕ್ಕಿಗೂ ಟಿಕೆಟ್ ತೆಗೆದಿದ್ದೀಯಲ್ಲೋ!" ಕೊನೆಯ ಕಿಟಕಿಯವರೆಗೆ ಹೋಗಿ ಮತ್ತೆ ಮೊದಲಿನಿಂದ ನೋಡುತ್ತಾ ಬಂದಳು. "ಸರಿ, ನಾನೆಲ್ಲಿ?"

ಮೇಜಿನಿಂದ ತಲೆಯೆತ್ತಿದಾಗ ಎದುರಿಗೆ ಕಂಡವರನ್ನೆಲ್ಲ ಅವನು ಕೆತ್ತಿದ್ದ. ಪಕ್ಕದಲ್ಲಿ ಕೂತಿದ್ದವಳ ಕಡೆ ತಿರುಗಿ ನೋಡಿರಲಿಲ್ಲ. ಅಷ್ಟೇ ನಿಜ. ಅದನ್ನು ಹೇಳುವ ಬದಲು ಅವನ ನಾಲಿಗೆ ಬೇರೆಯದನ್ನೇ ಆಡಿತು.

"ಅಗೋ, ಪರದೆ ಇಳಿಬಿಟ್ಟಿದೆಯಲ್ಲ, ಅದರ ಹಿಂದೆ. ಮಲಗಿದ್ದೀಯ."

ಅಕ್ಕನ ಮುಖ ಅರಳಿತು. "ರೈಲು, ಬಸ್ಸು ಅಂದ್ರೆ ನನಗೆ ತಲೆ ಸುತ್ತುತ್ತೆ ಅನ್ನೋದು ನೆನಪಿಟ್ಕೊಂಡಿದ್ದೀಯಲ್ಲೋ! ಅದೂ ನಾನು ಹೊಲಿದ ಪರದೆ ಹಿಂದೇನೇ!"

ಬ್ಯಾಟರಿ ಅಂಟಿಸುವಾಗ ನೋಡಿದ್ದ ಹೆಂಡತಿ ಅವನನ್ನು ದಿಟ್ಟಿಸಿದಳು. ಅಕ್ಕ ಅಡುಗೆಮನೆಗೆ ಹೋದ ಮೇಲೆ ಮೆಲ್ಲಗೆ ಕೇಳಿದಳು:

"ಯಾಕ್ರೀ ಹಾಗೆ ಹೇಳಿದ್ರಿ?"

"ಏನೋ, ಬಾಯಿಗೆ ಬಂತು."

"ಬಿಚ್ಚಿ ಒಂದು ಗೊಂಬೆ ಕೂರಿಸಿಬಿಡಿ."

"ಬಿಚ್ಚೋಕೆ ಬರಲ್ಲ ಕಣೇ, ಕೊಯ್ಯಬೇಕು. ಬಣ್ಣ ಎಲ್ಲ ಹಾಳಾಗುತ್ತೆ. ಮಾಡೆಲ್ ಸಂಘದ ಪ್ರದರ್ಶನ ಬೇರೆ ಹತ್ರ ಬಂತು."

"ಸರಿ ಬಿಡಿ. ನಿಮ್ಮ ರೈಲು, ನಿಮ್ಮ ಅಕ್ಕ."

ಅಲ್ಲಿಂದಾಚೆಗೆ ಅಕ್ಕ ಸಿಕ್ಕವರಿಗೆಲ್ಲ ಹೇಳತೊಡಗಿದಳು. ಪ್ಯಾಂಟು ಕೊಡಲು ಬಂದವರಿಗೆ, ಬಸ್‌ಸ್ಟಾಪಿನಲ್ಲಿ, ಕ್ಷೌರಿಕನ ಹೆಂಡತಿಗೆ. "ನಮ್ಮ ತಮ್ಮ ನನ್ನನ್ನ ರೈಲಲ್ಲಿ ಮಲಗಿಸಿದ್ದಾನೆ. ಪರದೆ ಇಳಿಬಿಟ್ಟು." ಒಮ್ಮೆ ಪಕ್ಕದ ಮನೆಯಾಕೆ "ನಮಗೆಲ್ಲ ಸೀಟು, ನಿಮಗೆ ಮಾತ್ರ ಮಲಗೋ ಬರ್ತ್! ಅಕ್ಕ ಅಂದ್ರೆ ಅಕ್ಕಾನೇ ಬಿಡಿ" ಎಂದು ಅಣಕಿಸಿದಾಗ ಅಕ್ಕ ನಾಚಿ ನಕ್ಕಳು. ಹಲ್ಲಪ್ಪ ಅಲ್ಲೇ ಇದ್ದ. ಟೀ ಲೋಟದೊಳಗೆ ಮುಖ ಹುದುಗಿಸಿ, ಮುಗಿದುಹೋದ ಟೀಯನ್ನು ಮತ್ತೆ ಕುಡಿದ. ದಿನಾ ಬೆಳಿಗ್ಗೆ, ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡು ಏಳುತ್ತಿದ್ದ. ಅವಳು ಹೇಳಿಕೊಂಡ ಜನ ಹೆಚ್ಚಿದಷ್ಟೂ ಅವನ ಬಾಯಿ ಕಟ್ಟುತ್ತಾ ಹೋಯಿತು.

ಪ್ರದರ್ಶನ ನಡೆದದ್ದು ಶಾಲೆಯೊಂದರ ಸಭಾಂಗಣದಲ್ಲಿ. ಮಾಡೆಲ್ ಕಟ್ಟುವ ಹವ್ಯಾಸಿಗಳ ಸಂಘದವರು ಬೆಂಚುಗಳನ್ನು ಜೋಡಿಸಿ ಬಿಳಿ ಬಟ್ಟೆ ಹಾಸಿದ್ದರು. ಅಕ್ಕ ಇಸ್ತ್ರಿ ಮಾಡಿದ ಬಟ್ಟೆಯುಟ್ಟು, ತನ್ನ ಅಂಗಡಿಯ ಇಬ್ಬರು ಹೆಂಗಸರನ್ನೂ ಕರೆತಂದಿದ್ದಳು. ತೀರ್ಪುಗಾರ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಪೆನ್ನಿನಂಥ ಸಣ್ಣ ಟಾರ್ಚನ್ನು ಎಲ್ಲದರೊಳಗೂ ತೂರಿಸುವುದು ಅವರ ಅಭ್ಯಾಸವಾದ್ದರಿಂದ ಎಲ್ಲರೂ ಅವರನ್ನು ಟಾರ್ಚ್ ಮೇಷ್ಟ್ರು ಎನ್ನುತ್ತಿದ್ದರು.

"ಈ ರಿವೆಟ್ಟುಗಳನ್ನ ಇಷ್ಟು ಸಮವಾಗಿ ಹೇಗೆ ತೆಗೆದ್ರಿ?" ಎಂದು ಅವರು ಕೇಳಿದರು.

ಹಲ್ಲಪ್ಪನ ಬಾಯಿಂದ ಹೊರಟದ್ದು "ತಾಳ್ಮೆ ಬೇಕು, ಅಷ್ಟೆ" ಎಂಬ ಮಾತು. ಅಕ್ಕ ಪಕ್ಕದಲ್ಲೇ ನಿಂತು ಹೌದೆಂದು ತಲೆಯಾಡಿಸಿದಳು.

ಟಾರ್ಚು ಕಿಟಕಿಯಿಂದ ಕಿಟಕಿಗೆ ನಡೆದು ಕೊನೆಗೆ ಬಂತು. "ಹುಷಾರು ಮೇಷ್ಟ್ರೇ, ಅಲ್ಲಿ ನಾನು ಮಲಗಿದ್ದೀನಿ, ಎಬ್ಬಿಸಿಬಿಟ್ಟೀರಿ!" ಎಂದಳು ಅಕ್ಕ. ಅಂಗಡಿಯ ಹೆಂಗಸರು ನಕ್ಕು ಹತ್ತಿರ ಸರಿದರು. ಮೇಷ್ಟ್ರಿಗೂ ಕುತೂಹಲ. ಬೆಂಚನ್ನು ಬಳಸಿ ಆಚೆ ಬದಿಗೆ ಹೋದರು. ಮನೆಯಲ್ಲಿ ಗೋಡೆಯ ಕಡೆಗಿದ್ದ ಆ ಬದಿಯ ಗಾಜು ಸ್ವಚ್ಛವಾಗಿತ್ತು, ಪರದೆಯೂ ಸರಿದಿತ್ತು.

"ಇಲ್ಲಿ ಯಾರೂ ಇಲ್ಲವಲ್ಲಮ್ಮ. ಬ್ಯಾಟರಿ ಡಬ್ಬ ಇದೆ."

ಅಕ್ಕ ತಾನೂ ಆಚೆಗೆ ಹೋದಳು. ಸೊಂಟದ ಮೇಲೆ ಕೈಯಿಟ್ಟು, ಬಾಗಿ, ಟಾರ್ಚಿನ ಬೆಳಕು ಬಿದ್ದಲ್ಲಿ ನೋಡಿದಳು. ನೋಡಲು ಅಲ್ಲಿ ಅಷ್ಟೊಂದೇನೂ ಇರಲಿಲ್ಲ. ಆದರೂ ತುಂಬಾ ಹೊತ್ತು ನೋಡಿದಳು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎಂದು ಹಲ್ಲಪ್ಪನಿಗೆ ಅನಿಸಿತು.

ಅಕ್ಕ ನೆಟ್ಟಗಾದಳು. "ಅದೇ ನಾನು ಮೇಷ್ಟ್ರೇ," ಎಂದಳು. "ನಾನಿಲ್ಲದೆ ಇವನ ಮನೇಲಿ ದೀಪ ಹತ್ತುತ್ತೆ ಅಂದ್ಕೊಂಡ್ರಾ?"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಮೇಷ್ಟ್ರಂತೂ ಟಾರ್ಚು ಅಲುಗುವಷ್ಟು ನಕ್ಕರು. ಆ ನಗುವಿನ ನಡುವೆ ಇನ್ನೊಂದು ನಗು ಕೇಳಿತು. ಅದು ತನ್ನದೇ ಎಂದು ಹಲ್ಲಪ್ಪನಿಗೆ ಗೊತ್ತಾಗಲು ಕ್ಷಣ ಹಿಡಿಯಿತು. ಆಮೇಲೆ ಅವನಿಗೆ ಬಹುಮಾನ ಬಂತು. ವೇದಿಕೆಗೆ ಕರೆದರು, ಚಪ್ಪಾಳೆ ತಟ್ಟಿದರು. ಅಂಗಡಿಯ ಹೆಂಗಸರು ತಟ್ಟಲಿಲ್ಲ. ಅಕ್ಕ ತಟ್ಟಿದಳು.

ಮನೆಗೆ ಹಿಂದಿರುಗುವ ಬಸ್ಸಿನಲ್ಲಿ ರೈಲಿನ ಪೆಟ್ಟಿಗೆ ಇಬ್ಬರ ತೊಡೆಯ ಮೇಲೂ ಅಡ್ಡಲಾಗಿ ಮಲಗಿತ್ತು. ಅಕ್ಕ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು:

"ಮರೆತೆಯಾ?"

"ಹೂಂ."

"ಮರೆತಿದ್ದಕ್ಕೆ ನನಗೇನಿಲ್ಲ ಕಣೋ. ನಾನೂ ಒಂದ್ಸಲ ಜಿಪ್ಪೇ ಹಾಕದೆ ಪ್ಯಾಂಟು ಕಳಿಸಿದ್ದೆ. ಆ ಮನುಷ್ಯ ಅದನ್ನ ಹಾಕ್ಕೊಂಡು ಆಫೀಸಿಗೂ ಹೋಗಿ ಬಂದ." ಅವಳು ನಗಲಿಲ್ಲ. "ಆದರೆ ನಾನು ಊರಿಗೆಲ್ಲ ಹೇಳ್ಕೊಂಡು ಓಡಾಡಿದೆ. ಹೇಳುವಾಗ ನೀನು ಪಕ್ಕದಲ್ಲೇ ಟೀ ಕುಡೀತಾ ಕೂತಿದ್ದೆ. ಒಂದು ಸಲ, ಅಕ್ಕ ಸುಮ್ಮನಿರು ಅಂದಿದ್ರೆ ಸಾಕಿತ್ತು."

ಬಸ್ಸು ಒಂದು ತಿರುವು ದಾಟಿತು. ಅವಳಿಗೆ ತಲೆ ಸುತ್ತುತ್ತಿರಬೇಕು, ಹಣೆಯನ್ನು ಸರಳಿಗೆ ಆನಿಸಿದಳು.

"ಚುಚ್ಚುತ್ತೆ," ಎಂದಳು.

ಆ ಮಾತನ್ನು ಅವಳ ಬಾಯಿಂದ ಅವನು ಕೇಳಿದ್ದು ಅದೇ ಮೊದಲು. ಪೆಟ್ಟಿಗೆಯ ಭಾರವನ್ನು ತನ್ನ ತೊಡೆಯ ಕಡೆಗೆ ಎಳೆದುಕೊಂಡ.

ಮರುದಿನ ರಜೆ. ಬೆಳಿಗ್ಗೆ ಅವನು ಹಿಂದಿನ ಕೋಣೆಗೆ ಹೋಗಿ ಡ್ರಿಲ್ಲಿಗೆ ಹಲ್ಲು ಕೊಯ್ಯುವ ತೆಳು ಬಿಲ್ಲೆ ಸಿಕ್ಕಿಸಿದ. ಸದ್ದು ಕೇಳಿ ಅಕ್ಕ ಓಡಿಬರುವಷ್ಟರಲ್ಲಿ ಬಿಲ್ಲೆ ಚಾವಣಿಗೆ ಇಳಿದಾಗಿತ್ತು. ಸುಟ್ಟ ಬಣ್ಣದ ವಾಸನೆ ಕೋಣೆ ತುಂಬಿತು.

"ಅಯ್ಯೋ, ಬೇಡ ಕಣೋ! ಅಷ್ಟು ಚೆನ್ನಾಗಿ ಆಗಿತ್ತಲ್ಲೋ!"

ಅವನು ನಿಲ್ಲಿಸಲಿಲ್ಲ. ಕೊಯ್ದ ತುಂಡನ್ನು ಎತ್ತಿಟ್ಟು, ಬ್ಯಾಟರಿ ಡಬ್ಬವನ್ನು ಮೀಟಿ ತೆಗೆದು ಬೋಗಿಯ ತುದಿಯ ಸಾಮಾನಿನ ಖಾನೆಗೆ ಸಾಗಿಸಿದ. ಮಂಜಾದ ಗಾಜನ್ನೂ ಕಿತ್ತ. ಅಭ್ಯಾಸದಂತೆ ಅವಳು ಅವನ ಎಡಕ್ಕೆ ಸ್ಟೂಲು ಎಳೆದುಕೊಂಡಾಗ, "ಅಲ್ಲಲ್ಲ. ಈಚೆ ಬಾ, ಎದುರಿಗೆ ಕೂತ್ಕೋ," ಎಂದ.

ಎದುರಿಗೆ ಕೂತು ಅವಳು ಕೇಳಿದಳು, "ಬಾಯಿ ತೆಗೀಲಾ?"

ಅವನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮೇಣ ಕಾಯಿಸುವ ನೆಪದಲ್ಲಿ ದೀಪಕ್ಕೆ ಬಾಗಿದ. ಅವಳ ಅಂಗುಳಿನ ಒಂದೊಂದು ಗೆರೆಯನ್ನೂ ಅವನು ಕಣ್ಣುಮುಚ್ಚಿ ಕೆತ್ತಬಲ್ಲ. ಆದರೆ ಎಡಹುಬ್ಬನ್ನು ತುಂಡರಿಸಿದ ಆ ಹಳೆಯ ಗಾಯದ ಗುರುತು? ಮೆಟ್ಟಿಲಿಂದ ಬಿದ್ದಾಗಿನದಿರಬೇಕು, ಅವನು ಈಗ ನೋಡುತ್ತಿದ್ದ. ಕೂದಲು ಯಾವಾಗ ಇಷ್ಟು ಬೆಳ್ಳಗಾಯಿತು? ರಜೆಯ ದಿನವೂ ತೋಳಿನ ಬಟ್ಟೆಗೆ ಎರಡು ಗುಂಡುಸೂಜಿ ಚುಚ್ಚಿಕೊಂಡೇ ಇರುತ್ತಾಳೆಂದು ಈ ಮನೆಯಲ್ಲಿ ಅವನೊಬ್ಬನಿಗೇ ಗೊತ್ತಿರಲಿಲ್ಲವೋ ಏನೋ. ಪ್ರತಿಯೊಂದನ್ನು ಕಾಣುತ್ತಲೂ ಅವನ ಕಿವಿ ಬಿಸಿಯಾಗುತ್ತಿತ್ತು.

"ಮಲಗಿಸಬೇಡ ಮತ್ತೆ," ಎಂದಳು ಅಕ್ಕ. "ಎಚ್ಚರವಾಗೇ ಕೂರಿಸು. ಪರದೆ ಅರ್ಧ ಇರಲಿ, ಬಿಸಿಲು ಬಿದ್ರೆ ತಲೆ ನೋಯುತ್ತೆ."

ಆ ಸಂಜೆ ಅವಳು ಹೊಸ ಪರದೆ ಹೊಲಿದಳು. ಅವನ ಜೊತೆ ಮಾತು ಮೊದಲಿನ ಹಾಗಾಗಲು ಇನ್ನೂ ಬಹಳ ಕಾಲ ಹಿಡಿಯಿತು. "ಹಿಡ್ಕೋ" ಎಂದರೆ ಹಿಡಿಯುತ್ತಿದ್ದಳು, "ಹೂಂ" ಎನ್ನುತ್ತಿರಲಿಲ್ಲ.

ಚಾವಣಿಯ ಕೊಯ್ತವನ್ನು ಅವನು ಎಷ್ಟು ಮುಚ್ಚಿದರೂ ಬಣ್ಣ ಕೂಡಲಿಲ್ಲ. ಮುಂದಿನ ವರ್ಷದ ಪ್ರದರ್ಶನದಲ್ಲಿ ಟಾರ್ಚ್ ಮೇಷ್ಟ್ರ ಬೆಳಕು ಆ ಗೆರೆಯ ಮೇಲೆ ನಿಂತಿತು.

"ಇದೇನ್ರೀ, ಕೈಯಾರೆ ಕೆಡಿಸಿಬಿಟ್ಟಿದ್ದೀರಿ?"

ಅಕ್ಕ ಪಕ್ಕದಲ್ಲೇ ಇದ್ದಳು. ಅವನು ನೆಲ ನೋಡುತ್ತಾ ಹೇಳಿದ: "ಒಬ್ಬರನ್ನ ಹತ್ತಿಸೋದು ಮರೆತಿದ್ದೆ ಮೇಷ್ಟ್ರೇ. ಮರೆತು, ಹತ್ತಿಸಿದ್ದೀನಿ ಅಂತ ಸುಳ್ಳು ಹೇಳಿದ್ದೆ. ಹೋದ ಸಲ ನೀವು ಕೇಳಿದ ರಿವೆಟ್ಟು ಒತ್ತಿದ್ದೂ ಅವರೇ. ನಾನಲ್ಲ."

ಈ ಸಲ ಯಾರೂ ನಗಲಿಲ್ಲ. ಮೇಷ್ಟ್ರು ಟಾರ್ಚನ್ನು ಮೆಲ್ಲಗೆ ಕೊನೆಯ ಕಿಟಕಿಗೆ ತಿರುಗಿಸಿದರು. ಅರ್ಧ ಪರದೆಯ ಕೆಳಗೆ ಬಿಳಿಗೂದಲಿನ ಹೆಂಗಸೊಬ್ಬಳು ಹೊರಗೆ ನೋಡುತ್ತಿದ್ದಳು.

"ಮುಖಕ್ಕೆ ಹಿಡೀಬೇಡಿ ಮೇಷ್ಟ್ರೇ," ಎಂದಳು ಅಕ್ಕ, "ಕಣ್ಣು ಚುಚ್ಚುತ್ತೆ."