ಕೋರ್ಟು ಬರೆಯದ ಸಾಲು

ಮಹಲ್ಲಾ ಊರಿನ ಟವೆಲ್ ಕಾರ್ಖಾನೆಯಲ್ಲಿ ಅಂಚು ಹೊಲಿಯುತ್ತಿದ್ದ ಅವಾತೆಫ್‌ಗೆ ಬೇಕಾಗಿದ್ದದ್ದು ಒಂದೇ ಒಂದು ಸಾಲು. 'ಗಂಡ ಗಾಬೆರ್ ಇವಳನ್ನು ಹೊಡೆಯುತ್ತಿದ್ದ' ಎಂದು ಸರ್ಕಾರದ ಮೊಹರು ಬಿದ್ದ ಕಾಗದದಲ್ಲಿ ಬರೆದಿರಬೇಕು, ಅಷ್ಟೇ. ಹದಿನಾಲ್ಕು ವರ್ಷ ಏಟು ತಿಂದವಳಿಗೆ ಇದೇನು ದುರಾಸೆಯೇ? ದುರಾಸೆಯೇ ಎಂದು ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಗೊತ್ತಾಯಿತು.

ವಕೀಲೆ ಮಾಗ್ದಾ ಮೊದಲ ದಿನವೇ ಬಿಡಿಸಿ ಹೇಳಿದ್ದಳು. "ಎರಡು ದಾರಿ ಇದೆ ಕಣಮ್ಮ. ಹಿಂಸೆ ಕೊಟ್ಟ ಅಂತ ಸಾಬೀತು ಮಾಡಿದ್ರೆ ವಿಚ್ಛೇದನದ ಜೊತೆ ಮದುವೇಲಿ ಅವನು ಒಪ್ಪಿದ ಮೆಹರ್ ಹಣದ ಬಾಕಿ, ಜೀವನಾಂಶ ಎಲ್ಲ ಸಿಗುತ್ತೆ. ಇಲ್ಲಾಂದ್ರೆ ಖುಲಾ. ಎಲ್ಲ ಬಿಟ್ಟುಕೊಟ್ಟು, 'ಇವನ ಜೊತೆ ಬಾಳೋಕೆ ನಂಗೆ ಇಷ್ಟ ಇಲ್ಲ' ಅಂದ್ಬಿಡೋದು. ಬೇಗ ಮುಗಿಯುತ್ತೆ. ಆದ್ರೆ ಅವನ ತಪ್ಪೇನು ಅಂತ ಯಾರೂ ಕೇಳಲ್ಲ, ಬರೆಯೋದೂ ಇಲ್ಲ."

"ಬರೀಲೇಬೇಕು. ದುಡ್ಡು ಮಣ್ಣುಪಾಲಾಗ್ಲಿ, ಬರೀಲೇಬೇಕು," ಎಂದಳು ಅವಾತೆಫ್.

ಕೇಸು ಹಾಕುವ ಮೊದಲು ರಾಜಿ ಕಚೇರಿಗೆ ಹೋಗಬೇಕೆಂಬುದು ನಿಯಮ. ಅಲ್ಲಿ ಗಾಬೆರ್ ಬೆಕ್ಕಿನಂತೆ ಮುದುರಿ ಕುಳಿತಿದ್ದ. "ಅವಳು ನನ್ನ ಕಣ್ಣು ಸಾರ್," ಎಂದು ಗದ್ಗದಿತನಾದ. ಚಹಾ ಹೀರುತ್ತಿದ್ದ ಅಧಿಕಾರಿಯ ಕರುಳು ಚುರ್ ಎಂದಿತು. "ನೋಡಮ್ಮಾ, ಇಂಥ ಗಂಡನ್ನ ಬಿಡ್ತಾರಾ?" ಥೂ, ನಾಟಕದವನೇ! ಅವಾತೆಫ್ ಹಲ್ಲು ಕಚ್ಚಿಕೊಂಡು 'ರಾಜಿ ಆಗಲಿಲ್ಲ' ಎಂಬಲ್ಲಿ ಸಹಿ ಹಾಕಿ ಎದ್ದು ಬಂದಳು.

ಹಿಂಸೆ ಸಾಬೀತಾಗಲು ಸಾಕ್ಷಿ ಬೇಕು: ಇಬ್ಬರು ಗಂಡಸರು, ಇಲ್ಲವೇ ಒಬ್ಬ ಗಂಡಸು ಮತ್ತು ಇಬ್ಬರು ಹೆಂಗಸರು. ಕಂಡಿರಬೇಕು, ಇಲ್ಲವೇ ಕಿವಿಯಾರೆ ಕೇಳಿರಬೇಕು. ಅವಾತೆಫ್ ಮೊದಲ ಸಾಕ್ಷಿಯಾಗಿ ಕೈಕಾಲು ಹಿಡಿದು ಕರೆತಂದದ್ದು ಅವರ ಕಟ್ಟಡದ ಕೆಳಗೇ ಅವರೆಬೇಳೆ ಮಾರುವ ಹಾಜಿ ಮೆತ್ವಲ್ಲಿಯನ್ನು. ಹಜ್ ಮಾಡಿ ಬಂದವನು, ಸುಳ್ಳು ಹೇಳುವವನಲ್ಲ. ಅವನು ಹೇಳಿದ್ದೂ ನಿಜವನ್ನೇ.

"ದೇವರಾಣೆ ಸ್ವಾಮಿ, ಆ ಮನೆಯಿಂದ ರೇಡಿಯೊ ಹಾಡು ಬಿಟ್ರೆ ನಾನು ಬೇರೇನೂ ಕೇಳಿಲ್ಲ. ಅದೂ ಬೀದಿಗೆಲ್ಲ ಕೇಳೋ ಹಾಗೆ! ಅವಾತೆಫ್ ಮನೇಲಿ ದಿನಾ ಮದುವೆ ಅಂತ ನಾವೇ ಆಡ್ಕೊಂಡು ನಗ್ತಿದ್ವಿ."

ಅವಾತೆಫ್‌ಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆ ರೇಡಿಯೊ ಹಚ್ಚುತ್ತಿದ್ದವಳು ಅವಳೇ. ಗಾಬೆರ್ ಬಾಗಿಲ ಚಿಲಕ ಹಾಕಿದ ಕೂಡಲೇ ಓಡಿಹೋಗಿ ದನಿ ಏರಿಸುತ್ತಿದ್ದಳು, ತನ್ನ ಚೀರಾಟ ನೆರೆಯವರಿಗೆ ಕೇಳಿ ಮಾನ ಹೋಗಬಾರದೆಂದು. ಮಣಿಕಟ್ಟು ಮುರಿದಾಗ ಆಸ್ಪತ್ರೆಯಲ್ಲಿ 'ಮೆಟ್ಟಿಲಿಂದ ಬಿದ್ದೆ' ಎಂದು ಬರೆಸಿದವಳೂ ಅವಳೇ. ಆ ಚೀಟಿಯನ್ನು ಗಾಬೆರ್ ಪಾಪ ಜೋಪಾನವಾಗಿ ಇಟ್ಟುಕೊಂಡಿದ್ದ. ಕೇಸು ವಜಾ ಆಯಿತು.

ಉಳಿದದ್ದು ಖುಲಾ. ಎರಡೂ ಕಡೆಯಿಂದ ಒಬ್ಬೊಬ್ಬ ಹಿರಿಯರು ಬಂದು ಮೂರು ತಿಂಗಳು ಬುದ್ಧಿ ಹೇಳಿದರು. ಕೊನೆಗೆ ನ್ಯಾಯಾಧೀಶರು, "ಇವನ ಜೊತೆ ಬಾಳೋಕೆ ನಿನಗೆ ಇಷ್ಟ ಇಲ್ವಾ?" ಎಂದು ಕೇಳಿದರು.

"ಸ್ವಾಮಿ, ಅವನು ನನ್ನ..."

ಮಾಗ್ದಾ ತೋಳು ಜಗ್ಗಿದಳು. "ಕೇಳಿದ್ದಕ್ಕಷ್ಟೇ ಉತ್ತರ ಕೊಡೇ!"

"ಇಷ್ಟ ಇಲ್ಲ," ಎಂದಳು ಅವಾತೆಫ್. ಗುಮಾಸ್ತ ಅಷ್ಟನ್ನೇ ಬರೆದುಕೊಂಡ.

ತವರಿನ ಓಣಿಯವರು ಬಾಯಿ ಸುಮ್ಮನಿಟ್ಟುಕೊಳ್ಳಲಿಲ್ಲ. ಇಷ್ಟ ಇಲ್ಲವಂತೆ! ಕೊಬ್ಬು ನೋಡಿ! ಅವಾತೆಫ್ ತಲೆ ತಗ್ಗಿಸಿ ಕಾರ್ಖಾನೆಗೆ ಹೋಗಿಬರುತ್ತಿದ್ದಳು. ಮಾತಾಡಿ ಮಾಡುವುದೇನಿತ್ತು?

ವರ್ಷ ಕಳೆಯುವುದರೊಳಗೆ ಕಾರ್ಖಾನೆಯ ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಅವಳ ಮಗಳಿಗೆ ಗಾಬೆರ್‌ನ ಸಂಬಂಧ ಕೂಡಿ ಬಂದಿತ್ತು. "ತಪ್ಪು ತಿಳ್ಕೋಬೇಡ ತಂಗಿ, ಒಂದು ಮಾತು ಕೇಳಿ ಹೋಗೋಣ ಅಂತ ಬಂದೆ. ಮನುಷ್ಯ ಹೇಗೆ?"

"ಹೊಡೀತಾನೆ," ಎಂದಳು ಅವಾತೆಫ್. ಅಂಗಿಯ ತೋಳು ಮಡಿಸಿ ಸೊಟ್ಟಗೆ ಕೂಡಿದ ಮಣಿಕಟ್ಟು ತೋರಿಸಿದಳು. "ನೋಡು, ಇದು ಅವನದೇ ಕೆಲಸ. ನಿನ್ನ ಕಾಲಿಗೆ ಬೀಳ್ತೀನಿ ಅಕ್ಕಾ, ಮಗಳನ್ನ ಕೊಡಬೇಡ."

ಹೆಂಗಸು ಮಣಿಕಟ್ಟನ್ನು ನೋಡಿದಳು, ಅವಾತೆಫ್‌ನ ಮುಖ ನೋಡಿದಳು, ಆಮೇಲೆ ನಿರಾಳವಾಗಿ ನಕ್ಕಳು.

"ಕೋರ್ಟಿನ ಕಾಗದ ಅವನೇ ತಂದು ತೋರಿಸಿದಾನೆ ತಂಗಿ. ಅದರಲ್ಲಿ ಹಾಗೇನೂ ಇಲ್ವಲ್ಲ. ಹೊಡೆದಿದ್ರೆ ಅಷ್ಟು ದೊಡ್ಡ ಕೋರ್ಟು ಬರೀತಿರ್ಲಿಲ್ವಾ?"

ಬಂದ ಕೆಲಸ ಮುಗಿಯಿತೆಂಬಂತೆ ಅವಳು ತಲೆವಸ್ತ್ರ ಸರಿಮಾಡಿಕೊಂಡು ಹೊರಟಳು. ಮುಂದಿನ ಗುರುವಾರವೇ ಮದುವೆ ಆಯಿತು.