ಹಾಸಿನ ಎರಡು ತುದಿ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದೆವ್ವ, ದೃಷ್ಟಿ, ಮಾಟ ಇವ್ಯಾವುದನ್ನೂ ನಾನು ನಂಬಿದವನಲ್ಲ. ನನ್ನ ಹೆಂಡತಿಯ ತಲೆಸುತ್ತನ್ನೂ ಅದೇ ಪಟ್ಟಿಗೆ ಸೇರಿಸಿದ್ದೆ. ಅದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ದೆವ್ವವನ್ನು ಈಗಲೂ ನಂಬುವುದಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಬೆಳಗ್ಗೆ, ಹಾಡುಹಗಲಲ್ಲೇ, ನಮ್ಮ ಓಣಿಯಲ್ಲಿ ನಡೆದದ್ದಕ್ಕೆ ನನ್ನ ಬಳಿ ಉತ್ತರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮ್ಮಿಷ್ಟ.

ನಮ್ಮದು ನಾರಾಯಣಪೇಟೆಯ ನೇಕಾರರ ಓಣಿ. ಮನೆಯಲ್ಲಿ ಎರಡು ಕುಣಿಮಗ್ಗ. ಒಂದರಲ್ಲಿ ನಾನು ನೇಯುತ್ತೇನೆ, ಇನ್ನೊಂದರಲ್ಲಿ ಹೆಂಡತಿ ನರ್ಮದಾ. ಅವಳು ನೇಯ್ದ ಅಂಚು ನನ್ನದಕ್ಕಿಂತ ಚೊಕ್ಕ. ಓಣಿಯವರೆಲ್ಲ ಹಾಗೆ ಹೇಳುತ್ತಾರೆ, ನಾನೂ ಒಪ್ಪಿಕೊಂಡು ಬಹಳ ವರ್ಷವಾಯಿತು. ಅಂಥವಳು ಒಂದು ದಿನ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತವಳು ಲಾಳಿ ಬಿಟ್ಟು ಮಗ್ಗದ ಹಣಿಗೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು, "ಮನಿ ತಿರುಗಾಕತ್ತೈತ್ರಿ" ಎಂದಳು. ಮನೆ ನೆಟ್ಟಗೇ ಇತ್ತು. ನಾನು ಹಾಗೇ ಹೇಳಿದೆ.

ಅಲ್ಲಿಂದ ಅದು ಶುರುವಾಯಿತು. ವಾರಕ್ಕೊಮ್ಮೆ ಬರುತ್ತಿತ್ತು, ಒಮ್ಮೊಮ್ಮೆ ಎರಡು ದಿನಕ್ಕೇ ಬರುತ್ತಿತ್ತು. ಬಂದರೆ ಅರ್ಧ ಗಂಟೆ, ಒಂದು ಗಂಟೆ ಕಣ್ಣು ಮುಚ್ಚಿ ನೆಲಕ್ಕೆ ಅಂಗೈ ಒತ್ತಿ ಕೂತುಬಿಡುವಳು. ವಾಂತಿಯೂ ಆಗುತ್ತಿತ್ತು. ಮೇಲಿನ ಗೂಡಿನ ಡಬ್ಬಿ ತೆಗೆಯಲು ತಲೆಯೆತ್ತುವುದನ್ನು ಬಿಟ್ಟಳು, ಎಲ್ಲ ಡಬ್ಬಿಗಳೂ ನೆಲಕ್ಕಿಳಿದವು. ಬೈಕಿನ ಹಿಂದೆ ಕೂರುವುದು ನಿಂತಿತು. ಮಲಗುವುದು ಒಂದೇ ಮಗ್ಗುಲಿಗೆ. ಮನೆಯೊಳಗೆ ಗೋಡೆ ಹಿಡಿದೇ ಓಡಾಡುತ್ತಿದ್ದಳು. ಸೊಂಟದೆತ್ತರಕ್ಕೆ ಸುಣ್ಣದ ಮೇಲೆ ಅವಳ ಕೈಯ ಎಣ್ಣೆಜಿಡ್ಡಿನ ಗೆರೆ ಅಡುಗೆಮನೆಯಿಂದ ಬಾಗಿಲವರೆಗೆ ಮೂಡಿತ್ತು. ನಾನು ಅದನ್ನು ನೋಡಿ ಸುಣ್ಣ ಹಾಳಾಯಿತೆಂದು ಗೊಣಗಿದವನು.

ಮಕ್ತಲ್‌ನಲ್ಲಿರುವ ಅವಳ ಅಕ್ಕನೇ ಗದ್ವಾಲದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನಾನು ಹೋಗಲಿಲ್ಲ. ಒಳಕಿವಿಯ ತೊಂದರೆ, ವರ್ಟಿಗೋ ಅನ್ನುತ್ತಾರೆ, ಬಂದಾಗ ಕಣ್ಣುಗುಡ್ಡೆ ತಾನಾಗಿ ಹಾರುತ್ತದೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟರಂತೆ. ಜ್ವರವಿಲ್ಲ, ಗಾಯವಿಲ್ಲ, ಇದೆಂಥ ರೋಗ ಎಂಬುದು ನನ್ನ ವಾದ. "ನಾರಾಯಣಪೇಟಿ ನಿನಗೊಬ್ಬಾಕಿಗೇ ತಿರುಗ್ತೈತೇನು?" ಎಂದು ನಕ್ಕಿದ್ದೆ.

ಅವಳು ನಗಲಿಲ್ಲ. "ನಾ ಸುಳ್ಳು ಹೇಳಾಕತ್ತೀನಿ ಅಂತ ಅನಸ್ತೈತೇನ್ರಿ ನಿಮಗ?" ಎಂದು ಕೇಳಿದಳು. ನಾನು ಲಾಳಿ ಹೊಡೆಯುತ್ತಲೇ ಇದ್ದೆ. ಅವಳು ಮತ್ತೆ ಕೇಳಲಿಲ್ಲ. ಆಮೇಲೆ ತಲೆ ತಿರುಗಿದರೂ ನನಗೆ ಹೇಳುವುದನ್ನೇ ಬಿಟ್ಟಳು.

ಇನ್ನು ಆ ಬೆಳಗಿನ ವಿಷಯ. ಎಂಟು ಸೀರೆಗಾಗುವ ನೂಲನ್ನು ನಾವು ಒಟ್ಟಿಗೇ ಓಣಿಯುದ್ದಕ್ಕೂ ಬಿಗಿಯಾಗಿ ಚಾಚುತ್ತೇವೆ. ಇದಕ್ಕೆ ಹಾಸು ಅನ್ನುತ್ತೇವೆ. ಅದಕ್ಕೆ ಗಂಜಿ ಹಚ್ಚಿ, ಆಚೆ ಒಬ್ಬರು ಈಚೆ ಒಬ್ಬರು ನಿಂತು, ದೊಡ್ಡ ಕುಂಚದಿಂದ ತಿಕ್ಕುತ್ತಾ ಆ ತುದಿಯಿಂದ ಈ ತುದಿಗೆ ನಡೆಯಬೇಕು. ಗಂಜಿ ಒಣಗುವ ತನಕ ಬಿಗಿ ಸಡಿಲಾಗುವಂತಿಲ್ಲ. ಸಡಿಲಾದರೆ ಎಳೆಗಳು ಒಂದಕ್ಕೊಂದು ಅಂಟಿ ಎಂಟೂ ಸೀರೆ ಹಾಳು. ಮೊದಲೆಲ್ಲ ಹಾಸಿನ ಎರಡೂ ತುದಿಯ ಹಗ್ಗವನ್ನು ನೆಲದ ಗೂಟಕ್ಕೆ ಕಟ್ಟುತ್ತಿದ್ದೆವು. ಓಣಿಗೆ ಸಿಮೆಂಟ್ ರಸ್ತೆ ಬಂದಾಗ ನಮ್ಮ ಕಡೆಯ ಗೂಟದ ಕುಳಿ ಮುಚ್ಚಿಹೋಯಿತು. ಅಂದಿನಿಂದ ಈ ತುದಿಯ ಹಗ್ಗವನ್ನು ನಾನೇ ಸೊಂಟಕ್ಕೆ ಸುತ್ತಿಕೊಂಡು, ಹಿಂದಕ್ಕೆ ಜಗ್ಗಿ ನಿಲ್ಲುತ್ತಿದ್ದೆ.

ಆವತ್ತು ಕುಂಚ ಹಿಡಿಯಬೇಕಾಗಿದ್ದ ಹೆಂಗಸು ಬರಲಿಲ್ಲ. ಪಕ್ಕದ ಮನೆಯ ಈರಪ್ಪ ಕಾಕಾ ಒಬ್ಬರೇ ಬಂದಿದ್ದರು. ನಾನು ನರ್ಮದಾಳನ್ನು ಕರೆದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಬಗ್ಗಿದ್ರ ಬರ್ತೈತ್ರಿ. ನಾ ಬಿದ್ರ ಹಾಸಿನ ಮ್ಯಾಲೇ ಬೀಳ್ತೀನಿ" ಎಂದಳು.

"ಸಾಕು ನಿನ್ನ ನಾಟಕ" ಎಂದೆ, ಕಾಕಾನ ಎದುರಿಗೇ.

ಅವಳು ಬಂದಳು. ಕುಂಚ ಹಿಡಿದು, ಹಾಸಿನ ಆ ತುದಿಗೆ ಹೋಗಿ, ಎಡಗೈಯನ್ನು ಒದ್ದೆ ನೂಲಿನ ಮೇಲಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಕೆಲಸ ಶುರುಮಾಡಿದಳು.

ಅವಳು ನಾಲ್ಕು ಹೆಜ್ಜೆ ಹಾಕಿರಬಹುದು. ನನ್ನ ಕಾಲಕೆಳಗಿನ ರಸ್ತೆ ಎಡಕ್ಕೆ ಜಾರಿತು. ಏನೋ ಎಡವಿದೆನೆಂದು ಕೆಳಗೆ ನೋಡಿದೆ. ರಸ್ತೆ ನಿಲ್ಲಲಿಲ್ಲ. ಎದುರಿನ ಮನೆಗಳು, ಕರೆಂಟ್ ಕಂಬ, ಕಾಕಾ, ಎಲ್ಲವೂ ಎಡಕ್ಕೆ ಸುತ್ತತೊಡಗಿದವು. ಬಲಗಿವಿಯಲ್ಲಿ ದೂರದಲ್ಲೆಲ್ಲೋ ರಾಟೆ ತಿರುಗಿಸಿದಂಥ ಸದ್ದು. ಕೂಗಬೇಕೆಂದರೆ ಬಾಯಿಗೆ ವಾಂತಿ ಬಂತು. ಕೂತುಬಿಡೋಣವೆಂದರೆ ಎಂಟು ಸೀರೆ ನನ್ನ ಸೊಂಟದಲ್ಲಿದ್ದವು. ಹಗ್ಗವನ್ನೇ ನಂಬಿ ಹಿಂದಕ್ಕೆ ಜಗ್ಗಿ ನಿಂತೆ. ನನಗೆ ಭಯವಾಗಿತ್ತು, ಚಿಕ್ಕ ಮಗುವಿಗಾಗುವಂಥ ಭಯ.

ಆ ತಿರುಗಾಟದ ನಡುವೆಯೂ ಒಂದನ್ನು ಮಾತ್ರ ಸರಿಯಾಗಿ ಕಂಡೆ. ನರ್ಮದಾ ಬಗ್ಗುತ್ತಿದ್ದಳು, ಏಳುತ್ತಿದ್ದಳು, ಸೆರಗು ಸಿಕ್ಕಿಸಿಕೊಂಡು ಬಿರಬಿರನೆ ನಡೆಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಹಾಗೆ ನಡೆಯುತ್ತಿದ್ದಳು.

ಕಾಕಾ ನನ್ನ ಹತ್ತಿರ ಬಂದವರು ಮುಖ ನೋಡಿ ಕುಂಚ ಬಿಟ್ಟರು. "ಏ, ನಿನ್ನ ಕಣ್ಣುಗುಡ್ಡಿ ಹಾರಾಕತ್ತಾವಲ್ಲೋ! ಹಗ್ಗ ಕೊಡು ಇಲ್ಲಿ" ಎಂದರು. ನಾನು ಕೊಡಲಿಲ್ಲ. ಹಟವೋ ಹೆದರಿಕೆಯೋ ತಿಳಿಯದು. ಗಂಜಿ ಒಣಗುವ ತನಕ, ಸುಮಾರು ಒಂದು ಗಂಟೆ, ಹಾಗೆಯೇ ನಿಂತಿದ್ದೆ.

ಹಾಸು ಸುತ್ತಿ ಮುಗಿಯಲು ಬಂದಾಗ ಕಾಕಾ ನನ್ನ ಸೊಂಟದ ಗಂಟು ಬಿಚ್ಚಿದರು. ಹಗ್ಗ ಮೈಯಿಂದ ಬಿಟ್ಟ ಕೂಡಲೇ ಓಣಿ ನಿಂತಿತು. ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಆಗಲೇ ಆ ತುದಿಯಲ್ಲಿ ಗಂಜಿಯ ಗಡಿಗೆ ಉರುಳಿದ ಸದ್ದು ಕೇಳಿತು. ನರ್ಮದಾ ರಸ್ತೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ಕೂತಿದ್ದಳು.

ನಾನು ಓಡಿಹೋಗಿ ಪಕ್ಕದಲ್ಲಿ ಕೂತೆ. "ಎಡಕ್ಕ ತಿರುಗತೈತೇನು?" ಎಂದು ಕೇಳಿದೆ. ಅಷ್ಟು ತಿಂಗಳಲ್ಲಿ ಯಾವ ಕಡೆ ತಿರುಗುತ್ತದೆಂದು ಒಮ್ಮೆಯೂ ಕೇಳಿದವನಲ್ಲ. ಅವಳು ಕಣ್ಣು ಮುಚ್ಚಿಕೊಂಡೇ ಹೌದೆಂದು ತಲೆಯಾಡಿಸಿದಳು. ಆಮೇಲೆ, "ನಿಮಗೂ ಬಲಗಿವ್ಯಾಗ ರಾಟಿ ಕೇಳಿಸ್ತೇನ್ರಿ?" ಎಂದಳು. ರಾಟೆಯ ಮಾತು ನಾನಿನ್ನೂ ಯಾರಿಗೂ ಹೇಳಿರಲಿಲ್ಲ.

ಮುಂದಿನ ವಾರ ಗದ್ವಾಲಕ್ಕೆ ಇಬ್ಬರೂ ಹೋದೆವು. ಡಾಕ್ಟರು ನನ್ನ ಕಿವಿಯನ್ನೂ ನೋಡಿದರು. ಏನೂ ಇಲ್ಲ. ಖಾಲಿ ಹೊಟ್ಟೆಯಿರಬೇಕು ಎಂದರು. ಆವತ್ತು ನಾನು ತಟ್ಟೆ ತುಂಬ ಮಂಡಾಳ ಒಗ್ಗರಣಿ ತಿಂದಿದ್ದೆ. ಹಗ್ಗದ ಬಿಗಿತಕ್ಕೆ ಹಾಗಾಗಿರಬೇಕು ಎಂದರು. ಇರಬಹುದು. ಆದರೆ ಹಗ್ಗ ಬಿಚ್ಚಿದ ಗಳಿಗೆಗೇ ಅವಳೇಕೆ ಕೂತಳು ಎಂದು ಕೇಳಿದ್ದಕ್ಕೆ, ಅದು ಕಾಕತಾಳೀಯ ಎಂದರು. ಅದೂ ಇರಬಹುದು. ಆಮೇಲೆ ಎಷ್ಟೋ ಹಾಸುಗಳಿಗೆ ಸೊಂಟ ಕೊಟ್ಟಿದ್ದೇನೆ. ನನ್ನ ಓಣಿ ಮತ್ತೆಂದೂ ತಿರುಗಿಲ್ಲ.

ಅವಳಿಗೆ ಈಗ ಮೊದಲಿನಷ್ಟು ಬರುವುದಿಲ್ಲ, ಪೂರ್ತಿ ಹೋಗಿಯೂ ಇಲ್ಲ. ಗೋಡೆಯ ಗೆರೆಗೆ ನಾನು ಸುಣ್ಣ ಬಳಿದಿಲ್ಲ. ತಲೆ ತಿರುಗಿದಾಗ ಈಗ ಅವಳು ನನ್ನನ್ನು ಕರೆಯುತ್ತಾಳೆ. ನಾನು ಗೋಡೆಯ ಗೂಟಕ್ಕೆ ನೇತುಹಾಕಿದ ಹಾಸಿನ ಹಗ್ಗ ತೆಗೆದು, ಒಂದು ತುದಿ ಅವಳ ಕೈಗೆ ಕೊಟ್ಟು, ಇನ್ನೊಂದನ್ನು ಸೊಂಟಕ್ಕೆ ಸುತ್ತಿಕೊಂಡು ಎದುರಿಗೆ ಕೂರುತ್ತೇನೆ. ಇದು ಹುಚ್ಚುತನವೆಂದು ನನಗೂ ಗೊತ್ತು.

"ನಿಮಗ ಬಂತೇನ್ರಿ?" ಎನ್ನುತ್ತಾಳೆ ಅವಳು, ಕಣ್ಣು ಮುಚ್ಚಿಕೊಂಡೇ.

"ಇನ್ನೂ ಇಲ್ಲ" ಎಂದು, ಹಗ್ಗವನ್ನು ಸ್ವಲ್ಪ ಜಗ್ಗಿ ಹಿಡಿದು ಕಾಯುತ್ತೇನೆ.