ತಂಬಿಗಿ ಹಿಡದ ಫೋಟೊ

ಎಪ್ಪತ್ತರ ದಶಕದ ಮಾತು. ಪ್ರವಾಸಕ್ಕ ಬರೋ ಮಂದಿ ಸಲುವಾಗಿ ಒಂದು ಪುಸ್ತಕ ಆಗೋದಿತ್ತು. ಮಲಪ್ರಭಾ ದಂಡಿ ಮ್ಯಾಲಿನ ಕ್ವಾಟಿ, ಗುಡಿ, ಇಳಕೊಳ್ಳೋ ಜಾಗಾ ಎಲ್ಲಾದ್ರ ಫೋಟೊ ತಗಿಯೋ ಕೆಲಸ ನನಗ ಸಿಕ್ಕಿತ್ತು. ರಾಮದುರ್ಗದಾಗ ಹೊಳಿ ದಂಡಿಯ ಒಂದು ಧರ್ಮಶಾಲೆಗೆ ಹೋದೆ. ಅದನ್ನ ನೋಡಕೋತಿದ್ದ ಮುದುಕ ನಕ್ಕೋತ ತಂಬಿಗಿ ತುಂಬ ನೀರು ತಂದ.

"ಯಾವ ಮಂದಿ ನೀವು, ಸಾಹೇಬ್ರ?"

"ಬೌದ್ಧರು."

ಊರ ಹೊರಗಿನ ಕೇರಿಯವರು ಬೌದ್ಧರಾಗಿದ್ದು ಅವಗ ಗೊತ್ತಿತ್ತು. ಚಾಚಿದ ಕೈ ಹಿಂದಕ್ಕ ಹೋತು. "ಹಂಗಾರ ಬೊಗಸಿ ಒಡ್ಡರಿ, ಮ್ಯಾಲಿಂದ ಹಾಕತೇನಿ. ಇಲ್ಲಿ ಪದ್ಧತಿ ಹಂಗೈತಿ."

ನಮ್ಮಪ್ಪ ಜೀವಮಾನಪೂರ್ತಿ ಹಂಗ ಕುಡದಿದ್ದ. ನಾ ಎರಡೂ ಕೈ ಬೆನ್ನಿಗೆ ಕಟ್ಟಿದೆ. "ನಿಮ್ಮ ನೀರು ನಿಮಗಿರಲಿ" ಅಂದು ಹೊಳಿಗಿಳಿದು ಕುಡದು ಬಂದೆ.

ಸ್ಟ್ಯಾಂಡಿನ ಮ್ಯಾಲೆ ಕ್ಯಾಮೆರಾ ಇಟ್ಟಿದ್ದೇ ತಡ, ಮುದುಕ ಹೊಸಾ ರುಮಾಲು ಸುತಗೊಂಡು ಬಾಗಲದಾಗ ಬಂದು ನಿಂತ. "ಪುಸ್ತಕದಾಗ ನಾನೂ ಬರಬೇಕ್ರಿ."

"ಬರ್ರಿ. ಆದ್ರ ಬಂದವರಿಗೆ ನೀರು ಕೊಡೋರಂಗ ಎರಡೂ ಕೈಲೆ ತಂಬಿಗಿ ಮುಂದ ಹಿಡೀರಿ."

"ಇಲ್ಲಿ ಯಾರೂ ಇಲ್ಲಲ್ರಿ, ಯಾರಿಗೆ ಕೊಡ್ಲಿ?"

"ನಾ ಇದ್ದೇನಲ್ರಿ."

ಮುದುಕ ನನ್ನ ನೋಡಿದ, ಕ್ಯಾಮೆರಾ ನೋಡಿದ, ತಂಬಿಗಿ ಮುಂದ ಹಿಡದ. ನಾ ಕ್ಯಾಮೆರಾದಾಗ ತನ್ನಿಂದ ತಾನ ಫೋಟೊ ಹೊಡಿಯೋ ಗುಂಡಿ ಒತ್ತಿ, ಹೋಗಿ ತಂಬಿಗಿಗೆ ಎರಡೂ ಕೈ ಹಾಕಿದೆ. ಅವ ಹಿಂದ ಸರಿಯಾಕ ಹೋದ. ಆದ್ರ ಫೋಟೊ ಕೆಟ್ಟೀತಂತ ತಂಬಿಗಿ ಬಿಡಲಿಲ್ಲ, ನಗೂದನ್ನೂ ಬಿಡಲಿಲ್ಲ.

ಪುಸ್ತಕದಾಗ ಆ ಫೋಟೊನ ದೊಡ್ಡದಾಗಿ ಬಂತು. ನಾಲ್ಕು ಕೈ, ಒಂದ ತಂಬಿಗಿ. ಅದರ ಕೆಳಗ ನಾನ ಬರದು ಕೊಟ್ಟಿದ್ದೆ: "ಇಲ್ಲಿ ಪದ್ಧತಿ ಹಿಂಗೈತಿ."